ಎಂಜಿನ್‌ಗೆ ಬಲ ಇತ್ತು, ಹಿಡಿತ ಇರಲಿಲ್ಲ

ಉಗಿಬಂಡಿ ಅಂದ ಕೂಡಲೇ ಎಲ್ಲರೂ ಹೊಗೆ, ಕಲ್ಲಿದ್ದಲು, ಚುಕುಬುಕು ಅಂತ ಶುರು ಮಾಡುತ್ತಾರೆ. ನನಗೆ ಇಷ್ಟವಾಗುವುದು ಅದರ ಗಾಲಿ ಜಾರುವುದು. ನಗಬೇಡಿ. ಇಂಗ್ಲೆಂಡಿನ ನಾರ್ತ್ ಯಾರ್ಕ್‌ಶರ್‌ನಲ್ಲಿ ಗೋತ್‌ಲ್ಯಾಂಡ್ ಅಂತ ಒಂದು ಹಳ್ಳಿ ಇದೆ. ಅಲ್ಲಿಂದ ಹೊರಟು, ಒಂದು ಸುತ್ತು ಹಾಕಿ, ಅಲ್ಲಿಗೇ ವಾಪಸ್ ಬರುವ ಕಾಲುದಾರಿ ಹುಟ್ಟಿದ್ದೇ ಈ ಜಾರುವ ಗಾಲಿಯಿಂದ.

ಹಳ್ಳಿಯಲ್ಲಿ ಕುರಿಗಳು ರಸ್ತೆ ಮಧ್ಯೆಯೇ ಮೇಯುತ್ತಾ ನಿಂತಿರುತ್ತವೆ. ಕಾರಿನವರು ಕಾಯಬೇಕು, ಅಷ್ಟೇ. ಅಲ್ಲಿಂದ ಕಣಿವೆಗೆ ಇಳಿದರೆ ಮ್ಯಾಲಿಯನ್ ಸ್ಪೌಟ್ ಎಂಬ ಜಲಪಾತ ಸಿಗುತ್ತದೆ. ಎತ್ತರ ಸುಮಾರು 70 ಅಡಿ, ಜೋಗ ನೋಡಿದವರಿಗೆ ಮನೆ ಸೂರಿನ ನೀರಿನಂತೆ ಕಾಣಬಹುದು. ಹಳ್ಳದ ಪಕ್ಕದಲ್ಲೇ ನಡೆದರೆ ಬೆಕ್ ಹೋಲ್ ಎಂಬ ಪುಟ್ಟ ಊರು. (‘ಬೆಕ್’ ಅಂದರೆ ಆ ಸೀಮೆಯ ಮಾತಲ್ಲಿ ಹಳ್ಳ.) ವಾಪಸ್ ಬರುವ ದಾರಿ ನೇರ, ಅಗಲ. ನೋಡಿದರೆ ಸಲೀಸು. ಹತ್ತು ನಿಮಿಷ ನಡೆಯಿರಿ, ಮಂಡಿಗೆ ಗೊತ್ತಾಗುತ್ತದೆ. ಒಂದು ಸಲವೂ ತಿರುಗದೆ, ಒಂದು ಸಲವೂ ತಗ್ಗದೆ, ಬರೀ ಏರು.

ಇಷ್ಟು ನೇರವಾದ ದಾರಿಯನ್ನು ಕುರಿಯೂ ಮಾಡುವುದಿಲ್ಲ, ರೈತನೂ ಮಾಡುವುದಿಲ್ಲ. ಇದು ರೈಲಿನ ಹಳೆಯ ದಾರಿ. ಜಾರ್ಜ್ ಸ್ಟೀಫನ್‌ಸನ್ ಕಟ್ಟಿದ ವಿಟ್ಬಿ–ಪಿಕರಿಂಗ್ ರೈಲು 1836ರಲ್ಲಿ ಶುರುವಾಯಿತು. ಉಗಿ ಎಂಜಿನ್ನಿಗೆ ಹೆಸರಾದ ಅದೇ ಮನುಷ್ಯ ಇಲ್ಲಿ ಬೋಗಿ ಎಳೆಯಲು ಇಟ್ಟದ್ದು ಕುದುರೆಗಳನ್ನು! ಆದರೆ ಬೆಕ್ ಹೋಲ್‌ನ ಈ ಏರಿಗೆ ಕುದುರೆಯೂ ಸಾಲಲಿಲ್ಲ. 15 ಅಡಿ ಮುಂದೆ ಹೋದರೆ 1 ಅಡಿ ಮೇಲೆ, ಅಂಥ ಏರು. ಅದಕ್ಕೆ ಬಾವಿಯ ರಾಟೆಯ ಉಪಾಯ ಮಾಡಿದರು. ಮೇಲೆ ಒಂದು ತೊಟ್ಟಿಬಂಡಿಗೆ ನೀರು ತುಂಬಿ ಇಳಿಜಾರಿಗೆ ಬಿಟ್ಟರೆ, ಹಗ್ಗದ ಇನ್ನೊಂದು ತುದಿಯಲ್ಲಿದ್ದ ಬೋಗಿ ಮೇಲೆ ಬರುತ್ತಿತ್ತು. ಒಂದು ಕೊಡ ಇಳಿದರೆ ಇನ್ನೊಂದು ಏರುತ್ತದಲ್ಲ, ಹಾಗೆ. ಆಮೇಲೆ ಉಗಿ ಬಂತು. ಆಗಲೂ ಈ ಏರಿನಲ್ಲಿ ಎಂಜಿನ್ ಒಂದೇ ಕಡೆ ಕೂತು ಹಗ್ಗ ಎಳೆಯುತ್ತಿತ್ತು.

ಇಲ್ಲಿ ಎಲ್ಲರೂ ಹೇಳುವ ಮಾತು, ‘ಹಳೇ ಎಂಜಿನ್, ಪಾಪ, ಶಕ್ತಿ ಸಾಲುತ್ತಿರಲಿಲ್ಲ.’ ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಶಕ್ತಿಯ ಪ್ರಶ್ನೆ ಆಮೇಲಿನದು. ಮೊದಲು ಬೇಕಾದದ್ದು ಹಿಡಿತ.

ಪಾಚಿಗಟ್ಟಿದ ಅಂಗಳದಲ್ಲಿ ಮಳೆಗಾಲದಲ್ಲಿ ನಿಂತು ಕಾರು ತಳ್ಳಿ ನೋಡಿ. ನೀವು ಪೈಲ್ವಾನರೇ ಆಗಿರಿ, ಹಿಂದೆ ಜಾರುವುದು ನಿಮ್ಮ ಕಾಲೇ. ಅಡಿಕೆ ಮರ ಹತ್ತುವವನ ತೋಳಿನಲ್ಲಿ ಎಷ್ಟೇ ಕಸುವಿದ್ದರೂ ಕಾಲಿಗೆ ತಳೆ ಬೇಕಲ್ಲ, ಅದೂ ಇದೇ ಕಥೆ. ರೈಲಿನದು ಉಕ್ಕಿನ ಗಾಲಿ, ಉಕ್ಕಿನ ಹಳಿ. ಎರಡೂ ನುಣುಪು, ಎರಡೂ ಗಟ್ಟಿ. ಒಂದೊಂದು ಗಾಲಿ ಹಳಿಗೆ ತಾಗುವ ಜಾಗ ಒಂದು ಚಿಕ್ಕ ನಾಣ್ಯದಷ್ಟು ಮಾತ್ರ. ಇದರಿಂದಲೇ ಸಮತಟ್ಟಿನಲ್ಲಿ ರೈಲು ಅಷ್ಟು ಹಗುರವಾಗಿ ಓಡುತ್ತದೆ, ಏರಿನಲ್ಲಿ ಇದರಿಂದಲೇ ಪೇಚು.

ಸುಮ್ನೆ ಒಂದು ಲೆಕ್ಕ ಹಾಕೋಣ. ಎಂಜಿನ್ ಮತ್ತು ಅದರ ಕಲ್ಲಿದ್ದಲು ಬಂಡಿ ಸೇರಿ 120 ಟನ್, ಅದರಲ್ಲಿ ಎಳೆಯುವ ಗಾಲಿಗಳ ಮೇಲೆ 60 ಟನ್ ಅನ್ನಿ. ಹಿಡಿತ ಆ ಭಾರದ ಐದನೇ ಒಂದು ಪಾಲು ಅಂತ ಇಟ್ಟುಕೊಂಡರೆ 12 ಟನ್ ಎಳೆತ ಸಿಗುತ್ತದೆ. 15ಕ್ಕೆ 1ರ ಏರಿನಲ್ಲಿ ಅದು ಹೊರುವುದು 180 ಟನ್. ಎಂಜಿನ್ನಿನದೇ 120 ಹೋಯಿತು, ಉಳಿದ 60 ಟನ್ನಿಗೆ ಎರಡು ಬೋಗಿಯೂ ಕಷ್ಟ. ಮಳೆ ಬಂದು ಹಿಡಿತ ಅರ್ಧವಾದರೆ ಹೊರುವುದು 90 ಟನ್. ಅಂದರೆ ತನ್ನನ್ನೇ ತಾನು ಎತ್ತಿಕೊಳ್ಳಲಾರದು! ಏರನ್ನು 49ಕ್ಕೆ 1 ಮಾಡಿ ನೋಡಿ, ಅದೇ ಒಣ ಹಳಿಯಲ್ಲಿ ಅದೇ ಎಂಜಿನ್ 588 ಟನ್ ಹೊರುತ್ತದೆ. ಹತ್ತು ಬೋಗಿಗೂ ಜಾಸ್ತಿ.

49ನ್ನು ನಾನು ಸುಮ್ಮನೆ ಆರಿಸಲಿಲ್ಲ. 1864ರಲ್ಲಿ ಬೆಕ್ ಹೋಲ್ ಏರಿನಲ್ಲಿ ಹಗ್ಗ ಕಿತ್ತು ಇಬ್ಬರು ಸತ್ತರು. ಅಷ್ಟರಲ್ಲಾಗಲೇ ಪಕ್ಕದ ಕಣಿವೆ ಸುತ್ತಿ ಬರುವ ಹೊಸ ದಾರಿಯ ಕೆಲಸ ನಡೆಯುತ್ತಿತ್ತು, 1865ರ ಜುಲೈನಲ್ಲಿ ಅದು ತೆರೆಯಿತು. ಏರು 49ಕ್ಕೆ 1. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಏರು 50ಕ್ಕೆ 1. ನೂರಕ್ಕೂ ಹೆಚ್ಚು ವರ್ಷದ ಅಂತರ, ಬೇರೆ ದೇಶ, ಬೇರೆ ಎಂಜಿನ್. ಆದರೂ ಸಂಖ್ಯೆ ಹತ್ತಿರ ಹತ್ತಿರ ಒಂದೇ, ಯಾಕೆಂದರೆ ಉಕ್ಕು ಎಲ್ಲಿದ್ದರೂ ಉಕ್ಕೇ. ಊಟಿ ರೈಲು ಕಲ್ಲಾರಿನಿಂದ ಕೂನೂರಿಗೆ ಸುಮಾರು 12ಕ್ಕೆ 1 ಹತ್ತುತ್ತದಲ್ಲ ಅನ್ನಬೇಡಿ. ಅಲ್ಲಿ ಹಳಿ ನಡುವೆ ಹಲ್ಲುಪಟ್ಟಿ ಇದೆ, ಹಲ್ಲಿಗೆ ಹಲ್ಲು ಕಚ್ಚಿ ಹತ್ತುತ್ತದೆ. ಅದು ಏಣಿ ಹತ್ತಿದ ಲೆಕ್ಕ.

ಗೋತ್‌ಲ್ಯಾಂಡಿನ ಆ 1865ರ ದಾರಿಯಲ್ಲಿ ಇವತ್ತೂ ಉಗಿ ರೈಲು ಓಡುತ್ತಿದೆ. ಸರ್ಕಾರಿ ರೈಲ್ವೆ 1965ರಲ್ಲಿ ನಿಲ್ಲಿಸಿದ್ದನ್ನು ರೈಲು ಹುಚ್ಚಿನ ಜನ ಸೇರಿ 1973ರಲ್ಲಿ ಮತ್ತೆ ಶುರು ಮಾಡಿದರು. ಕೆಳಗಿನ ಗ್ರೋಮಂಟ್ ಊರಿನ ಕಡೆಯಿಂದ ಮೇಲೆ ಬರುವ ಗಾಡಿಯನ್ನೇ ಕಾಯಿರಿ, ಕೆಳಗಿಳಿಯುವ ಗಾಡಿಯಲ್ಲಿ ಮಜಾ ಇಲ್ಲ. ಸಾಧ್ಯವಾದರೆ ಮಳೆ ಹನಿಯುವ, ಎಲೆ ಉದುರುವ ದಿನ ಹೋಗಿ. ನೆನೆದ ಎಲೆ ಹಳಿ ಮೇಲೆ ಅರೆದು ಹೋದರೆ ಬಾಳೆಹಣ್ಣಿನ ಸಿಪ್ಪೆಗೆ ಸಮ.

ಆಗ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಚುಕ್… ಚುಕ್… ಚುಕ್… ಅಂತ ಲಯವಾಗಿ ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ಚುಚುಚುಚುಚು ಅಂತ ಓಡುತ್ತದೆ. ಗಾಡಿ ಮಾತ್ರ ಮುಂದೆ ಬರುವುದಿಲ್ಲ. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಗಾಲಿ ಒಂದು ಸುತ್ತು ತಿರುಗಿದರೆ ನಾಲ್ಕು ‘ಚುಕ್’, ಹಾಗಾಗಿ ನೀವು ಕೇಳುತ್ತಿರುವುದು ಗಾಲಿ ನಿಂತಲ್ಲೇ ಗಿರಗಿರ ತಿರುಗುವ ಸದ್ದು. ಶಕ್ತಿ ಸಾಲದ ಎಂಜಿನ್ ಹೀಗೆ ತಿರುಗೀತೇ? ಡ್ರೈವರ್ ತಕ್ಷಣ ಉಗಿ ಕಡಿಮೆ ಮಾಡುತ್ತಾನೆ. ಒಂದು ಕ್ಷಣ ಸದ್ದೇ ಇಲ್ಲ. ಹತ್ತಿರ ಇದ್ದರೆ ಗಾಲಿಯ ಮುಂದೆ, ಹಳಿಗೆ ಬೆರಳಷ್ಟು ದಪ್ಪದ ಒಂದು ಕೊಳವೆ ಬಂದಿರುವುದು ಕಾಣುತ್ತದೆ. ಅದರಿಂದ ಒಣ ಮರಳು ಹಳಿ ಮೇಲೆ ಸುರಿಯುತ್ತದೆ, ಗಾಲಿ ಅದನ್ನು ಪುಡಿ ಮಾಡಿಕೊಂಡು ಕಚ್ಚುತ್ತದೆ. ಮತ್ತೆ ನಿಧಾನಕ್ಕೆ ಚುಕ್… ಚುಕ್…

ರೈಲು ಹೋದ ಮೇಲೆ ಹಳಿಯ ನೆತ್ತಿಯ ಮೇಲೆ ಬಿಳಿ ಪುಡಿಯ ಗೆರೆ ಉಳಿದಿರುತ್ತದೆ. ಇನ್ನೊಂದು ಮಳೆ ಬರುವವರೆಗೆ.