ಮೂರು ಸಾಲಿನ ಕೆಲಸ, ನಾನೂರು ಸಾಲಿನ ಡಿಫ್

ಹಿಂದೆ ನಾನಿದ್ದ ಟೀಮಿನಲ್ಲಿ ಜೊತೆಯವರೊಬ್ಬರು ಒಂದು ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆಯನ್ನು ಕೋಡಿಗೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಹಾಕಿದ್ದರು. ನಿಜವಾಗಿ ಬದಲಾಗಿದ್ದು ಮೂರೇ ಸಾಲು. ಆದರೆ ಸೇವ್ ಮಾಡುವಾಗ ಅವರ ಎಡಿಟರ್ ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡಿಬಿಟ್ಟಿತ್ತು. ಏನೇನು ಬದಲಾಗಿದೆ ಅಂತ ತೋರಿಸುವ ಡಿಫ್ ನಾನೂರು ಸಾಲು ದಾಟಿತ್ತು. ರಿವ್ಯೂ ಮಾಡಿದ್ದು ನಾನು. ಆ ಮೂರು ಸಾಲಿನಲ್ಲೇ ಒಂದು ತಪ್ಪಿತ್ತು, ನನ್ನ ಕಣ್ಣಿಗೆ ಬೀಳಲಿಲ್ಲ.

ಅಂದಿನಿಂದ ನಾನು ಫಾರ್ಮ್ಯಾಟಿಂಗನ್ನು, ಅಂದರೆ ಕೋಡಿನ ಸಾಲು ಮತ್ತು ಖಾಲಿ ಜಾಗಗಳ ಜೋಡಣೆಯನ್ನು, ಅಂದಚೆಂದದ ವಿಷಯ ಅಂತ ನೋಡುವುದಿಲ್ಲ. ಅದು ತಪ್ಪು ಅಡಗಿ ಕೂರುವ ಜಾಗ.

2009ರಲ್ಲಿ ಹೊರಬಂದ ಗೋ ಅನ್ನುವ ಪ್ರೋಗ್ರಾಮಿಂಗ್ ಭಾಷೆ ತನ್ನ ಜೊತೆಗೇ ಗೋಫ್ಮ್ಟ್ (gofmt) ಅನ್ನುವ ಫಾರ್ಮ್ಯಾಟರ್ ತಂದಿತು, ಅಂದರೆ ಕೋಡನ್ನು ತಾನೇ ಒಂದೇ ರೀತಿ ಜೋಡಿಸುವ ಸಾಧನ. ಇಂಡೆಂಟ್ (ಸಾಲಿನ ಶುರುವಿನ ಖಾಲಿ ಜಾಗ) ಎಷ್ಟಿರಬೇಕು ಅಂತ ಅದು ಯಾರನ್ನೂ ಕೇಳುವುದಿಲ್ಲ. ಜಾವಾಸ್ಕ್ರಿಪ್ಟ್‌ಗೆ 2017ರಲ್ಲಿ ಬಂದ ಪ್ರೆಟಿಯರ್, ಪೈಥಾನ್‌ಗೆ 2018ರಲ್ಲಿ ಬಂದ ಬ್ಲ್ಯಾಕ್ ಕೂಡ ಹೆಚ್ಚುಕಡಿಮೆ ಇದೇ ದಾರಿ ಹಿಡಿದವು. ಬ್ಲ್ಯಾಕ್ ಒಂದು ಸಾಲಿಗೆ 88 ಅಕ್ಷರ ಅನ್ನುತ್ತದೆ. ಇರಲಿ ಬಿಡಿ, ಅದನ್ನು ಬದಲಿಸಲು ಮೀಟಿಂಗ್ ಕರೆಯಬೇಡಿ.

ಹೊಸ ಪ್ರಾಜೆಕ್ಟಿಗೆ ಇಂಥ ಫಾರ್ಮ್ಯಾಟರ್ ಹಾಕುವುದು ಹತ್ತು ನಿಮಿಷದ ಕೆಲಸ. ಕಷ್ಟ ಇರುವುದು ಹಳೆಯದರಲ್ಲಿ. ಮೊದಲು ಫಾರ್ಮ್ಯಾಟರ್‌ನ ವರ್ಷನ್ ಎಲ್ಲರಿಗೂ ಒಂದೇ ಇರುವಂತೆ ಕಟ್ಟಿಹಾಕಿ. ಬ್ಲ್ಯಾಕ್‌ನ ಸ್ಟೈಲ್ ಹೊಸ ವರ್ಷದ ಬಿಡುಗಡೆಯಲ್ಲಿ ಬದಲಾಗಬಹುದು. ಒಬ್ಬರ ಬಳಿ ಹಳೆಯದು, ಇನ್ನೊಬ್ಬರ ಬಳಿ ಹೊಸದು ಇದ್ದರೆ ಒಂದೇ ಫೈಲ್ ದಿನಾ ಆಚೆ ಈಚೆ ಆಗುತ್ತಿರುತ್ತದೆ.

ಆಮೇಲೆ, ತೆರೆದಿರುವ ಪುಲ್ ರಿಕ್ವೆಸ್ಟ್‌ಗಳು ಕಡಿಮೆ ಇರುವ ದಿನ ನೋಡಿ, ಇಡೀ ಕೋಡನ್ನು ಒಂದೇ ಕಮಿಟ್‌ನಲ್ಲಿ (ಒಟ್ಟಿಗೆ ದಾಖಲಿಸುವ ಬದಲಾವಣೆಯಲ್ಲಿ) ಫಾರ್ಮ್ಯಾಟ್ ಮಾಡಿ. ಆ ಕಮಿಟ್‌ನಲ್ಲಿ ಬೇರೆ ಒಂದೇ ಒಂದು ಬದಲಾವಣೆಯೂ ಬೇಡ.

‘ಹಾಗಾದರೆ ಗಿಟ್ ಬ್ಲೇಮ್‌ನಲ್ಲಿ ಎಲ್ಲ ಸಾಲಿಗೂ ನಿಮ್ಮ ಹೆಸರೇ ಬರುತ್ತದೆ ಅಲ್ವಾ?’ ಅಂತ ಟೀಮಿನ ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಗಿಟ್ ಅಂದರೆ ಕೋಡಿನ ಇತಿಹಾಸ ಇಡುವ ಸಾಧನ; ಪ್ರತಿ ಸಾಲನ್ನು ಕೊನೆಗೆ ಮುಟ್ಟಿದ್ದು ಯಾರು ಅಂತ ಅದರ ಬ್ಲೇಮ್ ತೋರಿಸುತ್ತದೆ. ಒಂದು ಸಾಲನ್ನು ಯಾರು, ಯಾಕೆ ಬರೆದರು ಅನ್ನುವುದು ಹಳೆಯ ಕೋಡಿನ ಆಸ್ತಿ. 2019ರ ಗಿಟ್ 2.23ರಿಂದ ಇದಕ್ಕೆ ದಾರಿ ಇದೆ: ಒಂದು ಫೈಲಿನಲ್ಲಿ ಆ ಕಮಿಟ್‌ನ ಪೂರ್ತಿ ಹ್ಯಾಶ್ (ಅದರ ಗುರುತಿನ ಸಂಖ್ಯೆ) ಬರೆದಿಟ್ಟು, ಆ ಫೈಲ್ ಯಾವುದು ಅಂತ ಗಿಟ್‌ಗೆ ಹೇಳಿದರೆ ಬ್ಲೇಮ್ ಅದನ್ನು ದಾಟಿ ಹಿಂದಕ್ಕೆ ನೋಡುತ್ತದೆ. ಆದರೆ ಹ್ಯಾಶನ್ನು ಮರ್ಜ್ ಆದ ಮೇಲೆಯೇ, ಅಂದರೆ ಬದಲಾವಣೆ ಮುಖ್ಯ ಕೋಡಿಗೆ ಸೇರಿದ ಮೇಲೆಯೇ, ಬರೆಯಿರಿ. ಸೇರಿಸುವಾಗ ಸ್ಕ್ವಾಶ್ ಮಾಡಿದರೆ (ಕಮಿಟ್‌ಗಳನ್ನು ಒಂದಾಗಿಸಿದರೆ) ಹ್ಯಾಶ್ ಬದಲಾಗುತ್ತದೆ, ಬರೆದಿಟ್ಟದ್ದು ಸುಮ್ನೆ ವ್ಯರ್ಥ.

ಕಮಿಟ್‌ಗೆ ಮುಂಚೆ ತಾನಾಗಿ ಓಡಿ ಫಾರ್ಮ್ಯಾಟ್ ನೋಡುವ ಪ್ರೀ-ಕಮಿಟ್ ಹುಕ್ ಒಳ್ಳೆಯದೇ, ಆದರೆ ಅದೊಂದನ್ನೇ ನಂಬಬೇಡಿ. ‘ನೋ ವೆರಿಫೈ’ ಅಂತ ಕೊಟ್ಟರೆ ಅದು ಓಡುವುದೇ ಇಲ್ಲ. ಕೊನೆಯ ಕಾವಲು ಸಿಐನಲ್ಲಿ (ಪ್ರತಿ ಬದಲಾವಣೆಯನ್ನೂ ಸರ್ವರ್‌ನಲ್ಲಿ ತಾನಾಗಿ ಪರೀಕ್ಷಿಸುವ ವ್ಯವಸ್ಥೆಯಲ್ಲಿ) ಇರಲಿ. ಅಲ್ಲಿ ಫೇಲ್ ಆದಾಗ ಯಾವ ಕಮಾಂಡ್ ಓಡಿಸಿದರೆ ಸರಿಹೋಗುತ್ತದೆ ಅನ್ನುವುದನ್ನೂ ತೋರಿಸಿ. ನಿನ್ನೆ ಸೇರಿದ ಹುಡುಗಿ ಅದನ್ನು ಕಾಪಿ ಮಾಡಿ, ಯಾರನ್ನೂ ಕೇಳದೆ ಮುಂದೆ ಹೋಗುವಂತಿರಬೇಕು.