ಗಾಳಿಯಿಂದ ನೀರು ತೆಗೆಯುವ ಯಂತ್ರ ನಮ್ಮ ಮನೆಗೆ ಆಗುತ್ತಾ?

ಪ್ರಶ್ನೆ: ಗಾಳಿಯಿಂದಲೇ ಕುಡಿಯುವ ನೀರು ತೆಗೆಯುವ ಯಂತ್ರದ ವಿಡಿಯೊ ನೋಡಿದೆ. ದಿನಕ್ಕೆ 20 ಲೀಟರ್ ಕೊಡುತ್ತದಂತೆ. ನಮ್ಮದು ಬೆಂಗಳೂರು, ಬೋರ್‌ವೆಲ್ ಬತ್ತಿದೆ. ಇದು ನಿಜವಾಗಿ ಕೆಲಸ ಮಾಡುತ್ತಾ? ಮನೆಗೆ ತಗೋಬಹುದಾ?

ಉತ್ತರ: ಯಂತ್ರ ನಿಜ, ಅದರಿಂದ ಬರುವ ನೀರೂ ನಿಜ. ಆದರೆ ಆ 20 ಲೀಟರ್ ಅನ್ನೋದು ನಿಮ್ಮ ಮನೆಯ ಲೆಕ್ಕ ಅಲ್ಲ. ಬೆಂಗಳೂರಿನ ಮನೆಗೆ, ಅದೂ ಬೇಸಿಗೆಯ ನೀರಿನ ಬರಕ್ಕೆ ಅಂತ ಕೊಳ್ಳುವುದಾದರೆ ಬೇಡ ಅಂತಲೇ ಹೇಳುತ್ತೇನೆ. ಯಾಕೆ ಅಂತ ನೋಡೋಣ.

ಫ್ರಿಜ್‌ನಿಂದ ತೆಗೆದ ನೀರನ್ನು ಸ್ಟೀಲ್ ಚೊಂಬಿಗೆ ಹಾಕಿಡಿ. ಐದು ನಿಮಿಷದಲ್ಲಿ ಚೊಂಬಿನ ಹೊರಗೆ ಹನಿ ಕೂರುತ್ತದೆ. ಅದು ಒಳಗಿಂದ ಜಿನುಗಿದ ನೀರಲ್ಲ, ಕೋಣೆಯ ಗಾಳಿಯಲ್ಲಿದ್ದ ಆವಿ. ಬೆಳಗಿನ ಜಾವ ಹುಲ್ಲಿನ ಮೇಲೆ ಇಬ್ಬನಿ ಬೀಳುವುದೂ ಹೀಗೇ. ಅವರೆಕಾಯಿಗೆ ಸೊಗಡು ಬರುವುದು ಇಬ್ಬನಿಯಿಂದ ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಆ ಇಬ್ಬನಿಯನ್ನು ಯಂತ್ರ ಹಗಲಲ್ಲೂ ಬೀಳಿಸುತ್ತದೆ, ಅಷ್ಟೇ. ಒಳಗೆ ಒಂದು ಫ್ಯಾನು, ಒಂದು ಕಂಪ್ರೆಸರ್, ತಣ್ಣಗಿನ ಕೊಳವೆ ಸುರುಳಿ, ಕೆಳಗೆ ತಟ್ಟೆ, ಕೊನೆಗೆ ಫಿಲ್ಟರ್. ಎಸಿಯ ಹತ್ತಿರದ ಸಂಬಂಧಿ. ಮಂಗಳೂರಿನಲ್ಲಿ ಅಕ್ಕನ ಮನೆಯ ಎಸಿ ಪೈಪಿನ ಕೆಳಗೆ ಒಂದು ರಾತ್ರಿ ಬಕೆಟ್ ಇಟ್ಟಿದ್ದೆ. ಬೆಳಿಗ್ಗೆ ಅರ್ಧ ಬಕೆಟ್ ತುಂಬಿತ್ತು. ಮೇ ತಿಂಗಳ ಮಂಗಳೂರು ಅದು. ಊರಿನ ಹೆಸರು ಇಲ್ಲಿ ಮುಖ್ಯ.

ಗಾಳಿಯನ್ನು ತಣ್ಣಗೆ ಮಾಡುತ್ತಾ ಹೋದರೆ ಒಂದು ಹಂತದಲ್ಲಿ ಅದು ಆವಿಯನ್ನು ಹಿಡಿದಿಟ್ಟುಕೊಳ್ಳಲಾರದೆ ಹನಿಯಾಗಿ ಬಿಡುತ್ತದೆ. ಅದನ್ನು ಇಬ್ಬನಿ ಬಿಂದು ಅನ್ನುತ್ತಾರೆ. ಮಂಗಳೂರಿನಲ್ಲಿ 30 ಡಿಗ್ರಿ ಬಿಸಿಲು, ಆರ್ದ್ರತೆ (ಗಾಳಿ ಹಿಡಿಯಬಲ್ಲಷ್ಟು ಆವಿಯಲ್ಲಿ ಈಗ ಇರುವ ಪಾಲು) ನೂರಕ್ಕೆ 75 ಇದೆ ಅಂದುಕೊಳ್ಳಿ. ಆಗ ಗಾಳಿಯನ್ನು 25 ಡಿಗ್ರಿಗೆ ಇಳಿಸಿದರೆ ಸಾಕು, ಹನಿ ಶುರುವಾಗುತ್ತದೆ. ರಾಯಚೂರಿನ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ, ಆರ್ದ್ರತೆ 20 ಇದ್ದರೆ? ಅದೇ ಗಾಳಿಯನ್ನು 13 ಡಿಗ್ರಿಯವರೆಗೆ ಎಳೆದು ತರಬೇಕು. ಅಲ್ಲಿವರೆಗೆ ಒಂದು ತೊಟ್ಟೂ ಬೀಳುವುದಿಲ್ಲ, ಕರೆಂಟ್ ಮಾತ್ರ ಓಡುತ್ತಿರುತ್ತದೆ.

ಇದನ್ನೇ ಕೋಣೆಗಳ ಲೆಕ್ಕದಲ್ಲಿ ಹೇಳುತ್ತೇನೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಕೋಣೆ ತಗೊಳ್ಳಿ. ಯಂತ್ರ ಗಾಳಿಯನ್ನು 10 ಡಿಗ್ರಿಗೆ ತಣಿಸುತ್ತದೆ ಅಂತಿಟ್ಟುಕೊಳ್ಳೋಣ. ಮೇಲೆ ಹೇಳಿದ ಮಂಗಳೂರಿನ ಗಾಳಿಯಾದರೆ ಒಂದು ಲೀಟರ್ ನೀರಿಗೆ ಎರಡೂವರೆ ಕೋಣೆಯಷ್ಟು ಗಾಳಿ ಹಾಯಬೇಕು. ರಾಯಚೂರಿನ ಗಾಳಿಯಾದರೆ 20 ಕೋಣೆಗಿಂತ ಜಾಸ್ತಿ. ಯಂತ್ರ ಒಂದೇ, ಬೆಲೆ ಒಂದೇ, ನೀರು ಮಾತ್ರ ಎಂಟನೇ ಒಂದು ಪಾಲು.

ಬೆಂಗಳೂರು? 2024ರ ಬೇಸಿಗೆ ನೆನಪಿದೆ ಅಲ್ವಾ. ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿತ್ತು. ಆ ಮಾರ್ಚ್ ತಿಂಗಳ ಒಣ ಮಧ್ಯಾಹ್ನ 33 ಡಿಗ್ರಿ, ಆರ್ದ್ರತೆ 25 ಇದ್ದರೆ ಇಬ್ಬನಿ ಬಿಂದು 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಕೊಳವೆಯನ್ನು ಅದಕ್ಕಿಂತ ತಣ್ಣಗೆ ಇಡಬೇಕು, ತೀರಾ ತಣ್ಣಗಾದರೆ ಹನಿ ಬೀಳದೆ ಮಂಜುಗಡ್ಡೆ ಕಟ್ಟುತ್ತದೆ. ರಾತ್ರಿ ಹೊತ್ತು ಆರ್ದ್ರತೆ ಏರುವುದರಿಂದ ಸ್ವಲ್ಪ ವಾಸಿ. ಒಟ್ಟಿನಲ್ಲಿ ನೀರಿಗೆ ಹಾಹಾಕಾರ ಇರುವ ದಿನಗಳಲ್ಲೇ ಈ ಯಂತ್ರ ಕಡಿಮೆ ಕೊಡುತ್ತದೆ. ಜುಲೈನಲ್ಲಿ ಧಾರಾಳವಾಗಿ ಕೊಡುತ್ತದೆ, ಆಗ ಮಳೆ ಹೊರಗೇ ಸುರಿಯುತ್ತಿರುತ್ತದೆ. ನನಗೆ ಬೇಸರ ತರುವ ವಿಷಯ ಇದೇ. ಜಾಹೀರಾತಿನಲ್ಲಿ ಬಿರುಕು ಬಿಟ್ಟ ನೆಲದ ಚಿತ್ರ ಹಾಕುತ್ತಾರೆ. ಆ ನೆಲದ ಮೇಲಿನ ಗಾಳಿಯೂ ಒಣಗಿರುತ್ತದೆ ಅನ್ನೋದನ್ನು ಹೇಳುವುದಿಲ್ಲ.

ಹಾಗಾದರೆ 20 ಲೀಟರ್ ಎಲ್ಲಿಂದ ಬಂತು? ಸಾಮಾನ್ಯವಾಗಿ ಕಂಪನಿಗಳು ಈ ಅಂಕಿ ಕೊಡುವುದು 30 ಡಿಗ್ರಿ, ಆರ್ದ್ರತೆ 80 ಇರುವ ಗಾಳಿಗೆ. ವಿವರ ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಹುಡುಕಿ ನೋಡಿ. ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆಯೂ ಅದೇ: 25 ಡಿಗ್ರಿ, ಆರ್ದ್ರತೆ 50 ಇದ್ದಾಗ ಎಷ್ಟು ಕೊಡುತ್ತದೆ? ಒಂದು ಲೀಟರಿಗೆ ಎಷ್ಟು ಯೂನಿಟ್ ಸುಡುತ್ತದೆ? ಉತ್ತರ ಬರೆದು ಕೊಡದಿದ್ದರೆ ಎದ್ದು ಬನ್ನಿ.

ಈಗ ಕರೆಂಟಿನ ಮಾತು. ನೀರು ಆವಿಯಾಗಲು ಶಾಖ ಬೇಕು, ಒಲೆಯ ಮೇಲೆ ಕುದಿಸುವಾಗ ನಾವೇ ನೋಡುತ್ತೇವೆ. ಆವಿ ಮತ್ತೆ ನೀರಾಗುವಾಗ ಆ ಶಾಖವನ್ನು ಹಾಗೇ ಬಿಟ್ಟುಕೊಡುತ್ತದೆ. ಲೀಟರಿಗೆ ಸುಮಾರು 0.68 ಯೂನಿಟ್‌ನಷ್ಟು ಶಾಖ. ಅದನ್ನು ಯಂತ್ರ ಹೊರಗೆ ಹಾಕಲೇಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಒಳ್ಳೆ ಕಂಪ್ರೆಸರ್ ಒಂದು ಯೂನಿಟ್ ಕರೆಂಟಿನಲ್ಲಿ ಮೂರು ಯೂನಿಟ್ ಶಾಖ ಸಾಗಿಸುತ್ತದೆ. ಅದರ ಜೊತೆಗೆ ಗಾಳಿಯನ್ನೂ ತಣಿಸಬೇಕು, ಫ್ಯಾನೂ ತಿರುಗಬೇಕು. ಹಾಗಾಗಿ ತೇವದ ಗಾಳಿಯಲ್ಲೂ ಲೀಟರಿಗೆ 0.3ರಿಂದ 0.5 ಯೂನಿಟ್ ಹಿಡಿಯುತ್ತದೆ. ಯೂನಿಟ್‌ಗೆ 7 ರೂಪಾಯಿ ಅಂತ ಹಾಕಿದರೆ 20 ಲೀಟರಿಗೆ 40ರಿಂದ 70 ರೂಪಾಯಿ ಬರೀ ಕರೆಂಟಿಗೆ. ಯಂತ್ರದ ಬೆಲೆ, ಫಿಲ್ಟರ್ ಖರ್ಚು ಬೇರೆ. ಬಡಾವಣೆಯ ಶುದ್ಧ ನೀರಿನ ಘಟಕದಲ್ಲಿ 20 ಲೀಟರ್ ಕ್ಯಾನು 5-10 ರೂಪಾಯಿಗೆ ತುಂಬುತ್ತದೆ.

ಕರಾವಳಿಯವರು, ಗಾಳಿಯಲ್ಲಿ ಇಷ್ಟು ನೀರಿದೆಯಲ್ಲ, ನಮಗಾದರೂ ಲಾಭ ಅಲ್ವಾ ಅಂತ ಕೇಳಬಹುದು. ಪಕ್ಕದಲ್ಲೇ ಸಮುದ್ರ ಇದೆ ನೋಡಿ. ಉಪ್ಪು ನೀರನ್ನು ಸಿಹಿ ಮಾಡುವ ದೊಡ್ಡ ಘಟಕಕ್ಕೆ 1,000 ಲೀಟರಿಗೆ 3-4 ಯೂನಿಟ್ ಸಾಕು. ಗಾಳಿಯಿಂದ ಅಷ್ಟೇ ನೀರು ತೆಗೆಯಲು 300ರಿಂದ 500 ಯೂನಿಟ್ ಬೇಕು. ನೂರು ಪಟ್ಟು ವ್ಯತ್ಯಾಸ.

ಈ ಶಾಖದ ಲೆಕ್ಕ ಒಂದು ಗೊತ್ತಿದ್ದರೆ ವಿಚಿತ್ರ ಗ್ಯಾಜೆಟ್‌ಗಳ ಜಾಹೀರಾತನ್ನು ನೀವೇ ಅಳೆಯಬಹುದು. 2016ರಲ್ಲಿ ಫಾಂಟಸ್ ಎಂಬ ಬಾಟಲಿಗೆ ಜನ ಮುಂಗಡ ಹಣ ಕೊಟ್ಟಿದ್ದರು. ಸೈಕಲ್ ಮೇಲೆ ಸಾಗುತ್ತಾ ಗಾಳಿಯಿಂದ ತಾನೇ ತುಂಬಿಕೊಳ್ಳುವ ಬಾಟಲಿ. ಅನುಕೂಲದ ಹವೆಯಲ್ಲಿ ಗಂಟೆಗೆ ಅರ್ಧ ಲೀಟರ್, ಸಣ್ಣ ಸೋಲಾರ್ ಹಾಳೆಯಿಂದಲೇ ನಡೆಯುತ್ತದೆ ಅಂತ ಹೇಳಿದ್ದರು. ಗಂಟೆಗೆ ಅರ್ಧ ಲೀಟರ್ ಅಂದರೆ ಎಡೆಬಿಡದೆ 340 ವಾಟ್‌ನಷ್ಟು ಶಾಖ ಹೊರಹಾಕಬೇಕು. ಬಾಟಲಿಯ ಜೊತೆ ಹೊರುವ ಸೋಲಾರ್ ಹಾಳೆಯಿಂದ ಕೆಲವೇ ಹತ್ತು ವಾಟ್ ಸಿಕ್ಕರೆ ಹೆಚ್ಚು. ಲೆಕ್ಕ ಕೂಡುವುದಿಲ್ಲ.

ಹಾಗಂತ ಇಡೀ ವಿಷಯವನ್ನೇ ಮೋಸ ಅಂತ ತಳ್ಳಬೇಡಿ. ನನ್ನನ್ನು ನಿಜವಾಗಿ ಖುಷಿಪಡಿಸುವ ಕೆಲಸ ನಡೆದಿರುವುದು ಇನ್ನೊಂದು ದಾರಿಯಲ್ಲಿ. ಮಲೆನಾಡಿನ ಮಳೆಗಾಲದಲ್ಲಿ ಉಪ್ಪಿನ ಮರಿಗೆ ನೋಡಿದ್ದೀರಾ? ಕಲ್ಲುಪ್ಪು ತಾನೇ ನೀರೊಡೆಯುತ್ತದೆ. ತಣಿಸದೆಯೇ ಗಾಳಿಯ ತೇವವನ್ನು ಹೀರುವ ವಸ್ತುಗಳಿವೆ ಅಂತಾಯಿತು. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣವೂ ಅದೇ ಜಾತಿ. ರಾತ್ರಿ ಹೀರಲು ಬಿಟ್ಟು, ಹಗಲು ಬಿಸಿ ಮಾಡಿದರೆ ಅವು ಆವಿಯನ್ನು ಬಿಟ್ಟುಕೊಡುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ದಟ್ಟ ಆವಿಯನ್ನು ನೀರು ಮಾಡುವುದು ಸುಲಭ. ಬಿಸಿ ಮಾಡಲು ದುಬಾರಿ ಕರೆಂಟೇ ಬೇಕಿಲ್ಲ, ಬಿಸಿಲೂ ಆಗುತ್ತದೆ, ಕಾರ್ಖಾನೆಯಿಂದ ಸುಮ್ನೆ ಹೊರಗೆ ಹೋಗುವ ಶಾಖವೂ ಆಗುತ್ತದೆ. ಬೆಂಗಳೂರಿನ ಉರವು ಲ್ಯಾಬ್ಸ್ ಎಂಬ ಕಂಪನಿ ಹಿಡಿದಿರುವುದು ಇದೇ ದಾರಿ, ಕ್ಯಾಲ್ಸಿಯಂ ಕ್ಲೋರೈಡ್ ಉಪ್ಪಿನ ದ್ರಾವಣದಿಂದ. ಮಲಯಾಳದ ಉರವ ಅಂದರೆ ನಮ್ಮ ಒರತೆ. ಎಷ್ಟು ಚಂದದ ಹೆಸರು!

ಇದಕ್ಕಿಂತ ಮುಂದೆ ಹೋದವರು ರಸಾಯನ ವಿಜ್ಞಾನಿ ಒಮರ್ ಯಾಘಿ. ಜೋರ್ಡಾನಿನ ಅಮ್ಮಾನ್‌ನಲ್ಲಿ ಪ್ಯಾಲೆಸ್ಟೀನ್ ನಿರಾಶ್ರಿತರ ಮನೆಯಲ್ಲಿ ಹುಟ್ಟಿದವರು. ಅವರ ಬಾಲ್ಯದಲ್ಲಿ ನೀರು ಬರುತ್ತಿದ್ದದ್ದು ದಿನಗಟ್ಟಲೆ ಕಾದ ಮೇಲೆ, ಅದೂ ಕೆಲವೇ ಗಂಟೆ. ತುಂಬಿಡುವ ಕೆಲಸ ಆ ಹುಡುಗನದು. ನಲ್ಲಿಗೆ ವಾರಗಟ್ಟಲೆ ಕಾಯುವ ಕಷ್ಟ ಹುಬ್ಬಳ್ಳಿ-ಧಾರವಾಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಂದೆ ಅವರು ಲೋಹದ ಕಣ ಮತ್ತು ಇಂಗಾಲದ ಅಣುಗಳನ್ನು ಹಂದರದ ಹಾಗೆ ಹೆಣೆದು, ಒಳಗೆಲ್ಲಾ ಪೊಳ್ಳು ಇರುವ ಪುಡಿಗಳನ್ನು ಮಾಡಿದರು. ಇಂಥ ಒಂದೆರಡು ಗ್ರಾಂ ಪುಡಿಯ ಒಳಮೈಯನ್ನು ಬಿಡಿಸಿ ಹರಡಿದರೆ ಫುಟ್‌ಬಾಲ್ ಮೈದಾನದಷ್ಟಾಗುತ್ತದೆ. ಒಣ ಗಾಳಿಯಿಂದಲೂ ಅದು ನೀರನ್ನು ಹಿಡಿಯುತ್ತದೆ. ಅಮೆರಿಕದ ಅರಿಝೋನಾ ಮರುಭೂಮಿಯಲ್ಲಿ ಬರೀ ಬಿಸಿಲಿನಿಂದ ನೀರು ತೆಗೆದು ತೋರಿಸಿದರು. ಇಂಥ ಹಂದರಗಳ ಸಂಶೋಧನೆಗೆ 2025ರ ರಸಾಯನಶಾಸ್ತ್ರ ನೊಬೆಲ್ ಪ್ರಶಸ್ತಿ ಬಂತು. ಯಾಘಿ ಅವರ ಜೊತೆ ಸುಸುಮು ಕಿಟಗಾವಾ, ರಿಚರ್ಡ್ ರಾಬ್ಸನ್ ಹಂಚಿಕೊಂಡರು. ಮನೆ ಮನೆಗೆ ಇದು ಅಗ್ಗವಾಗಿ ಬರಲು ಇನ್ನೂ ಕಾಯಬೇಕು. ಆದರೂ ರಾಯಚೂರಿನಂಥ ಊರಿಗೆ ಮುಂದೊಂದು ದಿನ ಕೆಲಸಕ್ಕೆ ಬರುವುದಿದ್ದರೆ ಅದು ಇದು, ಕಂಪ್ರೆಸರ್ ಪೆಟ್ಟಿಗೆ ಅಲ್ಲ.

ಕಂಪ್ರೆಸರ್ ಯಂತ್ರಕ್ಕೂ ತಕ್ಕ ಜಾಗಗಳಿವೆ. 2019ರ ಡಿಸೆಂಬರ್‌ನಲ್ಲಿ ಸಿಕಂದರಾಬಾದ್ ರೈಲು ನಿಲ್ದಾಣದಲ್ಲಿ ಮೇಘದೂತ್ ಎಂಬ ಯಂತ್ರ ಇಟ್ಟರು. ದಿನಕ್ಕೆ 1,000 ಲೀಟರ್ ಸಾಮರ್ಥ್ಯ. ಸ್ವಂತ ಬಾಟಲಿ ತಂದವರಿಗೆ ಆಗ ಲೀಟರಿಗೆ 5 ರೂಪಾಯಿ ಇತ್ತು. ಅಲ್ಲಿ ಅದರ ಪೈಪೋಟಿ ನಲ್ಲಿ ನೀರಿನ ಜೊತೆ ಅಲ್ಲ, ಆಗ 15 ರೂಪಾಯಿ ಇದ್ದ ಪ್ಲಾಸ್ಟಿಕ್ ಬಾಟಲಿ ಜೊತೆ. ಲೆಕ್ಕ ಕೂಡುತ್ತದೆ. ನೆರೆ ಬಂದು ಬಾವಿಗಳೆಲ್ಲ ಕೆಟ್ಟ ಊರು, ಹಡಗು, ಇಂಥ ಕಡೆಯೂ ಸರಿಯೇ.

ಜೊತೆಗೆ ಬರುವ ಸಣ್ಣ ಪ್ರಶ್ನೆಗಳಿಗೂ ಹೇಳಿಬಿಡುತ್ತೇನೆ. ಗಾಳಿ ಒಣಗಿ ಮಳೆ ಕಡಿಮೆ ಆಗುತ್ತಾ? ಇಲ್ಲ. ಆವಿಯಾದ ನೀರು ಹೇಗೂ ಸರಾಸರಿ 9-10 ದಿನದಲ್ಲಿ ಮಳೆ-ಮಂಜಾಗಿ ಮರಳುತ್ತದೆ, ನಾವು ಕುಡಿದದ್ದೂ ಮತ್ತೆ ಅದೇ ಸುತ್ತಿಗೆ ಸೇರುತ್ತದೆ. ಕಿಟಕಿ ಮುಚ್ಚಿದ ಕೋಣೆ ಮಾತ್ರ ಬೇಗ ಒಣಗುತ್ತದೆ, ಆಗ ಯಂತ್ರ ಸುಮ್ನೆ ತಿರುಗುತ್ತದೆ. ಎಸಿ ನೀರು ಕುಡಿಯಬಹುದಾ? ಬೇಡ. ಕೊಳವೆಯ ಮೇಲಿನ ಧೂಳು, ಪಾಚಿ, ಬ್ಯಾಕ್ಟೀರಿಯಾ ಎಲ್ಲ ಅದರಲ್ಲಿರುತ್ತದೆ. ನೆಲ ಒರೆಸಲು, ಹೂಗಿಡಕ್ಕೆ ಹಾಕಲು ಚೆನ್ನಾಗಿದೆ. ಕುಡಿಯುವ ನೀರಿನ ಯಂತ್ರದಲ್ಲಿ ಫಿಲ್ಟರ್, ಯುವಿ ದೀಪ, ಖನಿಜ ಸೇರಿಸುವ ಡಬ್ಬಿ ಇರಲೇಬೇಕು, ಯಾಕೆಂದರೆ ಹನಿಯಾಗಿ ಬಿದ್ದ ನೀರಿನಲ್ಲಿ ಖನಿಜ ಇರುವುದಿಲ್ಲ.

ನಿಮ್ಮ ಮನೆಗೆ ನಾನು ಹೇಳುವುದು ಇಷ್ಟು. 30-40 ಸೈಟಿನ ಮನೆಯ ತಾರಸಿ 1,200 ಚದರ ಅಡಿ ಇದ್ದರೆ, ಬೆಂಗಳೂರಿನ ವರ್ಷದ ಸುಮಾರು 970 ಮಿಲಿಮೀಟರ್ ಮಳೆಯಲ್ಲಿ ಐದನೇ ಒಂದು ಪಾಲು ಹಾಳಾದರೂ 86,000 ಲೀಟರ್ ಬೀಳುತ್ತದೆ. ಕರೆಂಟ್ ಬೇಡ, ಕಂಪ್ರೆಸರ್ ಬೇಡ. ಹಣವಿದ್ದರೆ ಮೊದಲು ಪೈಪು, ಸಂಪು, ಇಂಗುಗುಂಡಿಗೆ ಹಾಕಿ. ಆಮೇಲೂ ಯಂತ್ರದ ಆಸೆ ಇದ್ದರೆ, ಕೆಲವು ನೂರು ರೂಪಾಯಿಗೆ ಸಿಗುವ ಆರ್ದ್ರತೆ ಮೀಟರ್ ತಂದು ಕಿಟಕಿ ಹತ್ತಿರ ಇಡಿ. ಮಾರ್ಚ್ ಕೊನೆಯಲ್ಲಿ ಒಂದು ವಾರ, ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಹತ್ತಕ್ಕೆ ಬರೆದಿಡಿ. ಆ ಚೀಟಿ ಕೈಲಿ ಹಿಡಿದೇ ಅಂಗಡಿಗೆ ಹೋಗಿ.