ಆಫ್ಟರ್‌ಮಾರ್ಕೆಟ್: ಕಿಟ್ ಡಬ್ಬಿಯಲ್ಲಿ ಇರದ ಭಾಗಗಳು

ಆಫ್ಟರ್‌ಮಾರ್ಕೆಟ್ ಅನ್ನೋ ಪದ ಗಾಡಿಗಳ ಲೋಕದಿಂದ ಬಂದದ್ದು. ಗಾಡಿ ಮಾಡಿದವರೇ ಕೊಟ್ಟರೆ ಅದು ಕಂಪನಿ ಪಾರ್ಟು. ಅದೇ ಗಾಡಿಗೆ ಬೇರೆಯವರು ಮಾಡಿ ಮಾರಿದರೆ ಆಫ್ಟರ್‌ಮಾರ್ಕೆಟ್ ಪಾರ್ಟು. ಗಾಡಿ ವಿಷಯದಲ್ಲಿ ಈ ಪದ ಕಿವಿಗೆ ಬಿದ್ದರೆ ಸ್ವಲ್ಪ ಅನುಮಾನ ಹುಟ್ಟುತ್ತದೆ, ಅಲ್ವಾ? ಅಗ್ಗದ ಮಾಲೇನೋ, ಎಷ್ಟು ದಿನ ಬಾಳುತ್ತದೋ ಅಂತ. ಮಾಡೆಲ್ ವಿಮಾನ ಕಟ್ಟುವವರ ಬಾಯಲ್ಲಿ ಇದರ ಅರ್ಥ ಉಲ್ಟಾ. ಇಲ್ಲಿ ಹೊರಗಿನ ಪಾರ್ಟೇ ಹೆಚ್ಚು ನಾಜೂಕು, ಬಹಳ ಸಲ ದುಬಾರಿ ಕೂಡ. ಕಿಟ್ ಅಂದರೆ ಮಾಡೆಲ್ ಕಟ್ಟಲು ಡಬ್ಬಿಯಲ್ಲಿ ಬರುವ ಬಿಡಿಭಾಗಗಳು. ಅದರ ಜೊತೆ ಬಂದ ಪ್ಲಾಸ್ಟಿಕ್ ಭಾಗವನ್ನು ಪಕ್ಕಕ್ಕಿಟ್ಟು, ಇನ್ನೊಬ್ಬರು ಮಾಡಿದ ಸೀಟು, ಬೆಲ್ಟು, ಚಕ್ರ, ಎಂಜಿನ್, ಗನ್ ಬ್ಯಾರೆಲ್, ಡಯಲ್‌ಗಳ ಫಲಕ ಹಾಕುತ್ತೇವಲ್ಲ, ಅದೇ ಆಫ್ಟರ್‌ಮಾರ್ಕೆಟ್.

ಇದರ ಅಗತ್ಯ ಚೆನ್ನಾಗಿ ಗೊತ್ತಾಗುವುದು ದೊಡ್ಡ ಸ್ಕೇಲ್‌ನಲ್ಲಿ. ದೊಡ್ಡದು ಅಂದರೆ ಸಾಮಾನ್ಯವಾಗಿ 1/32 ಅಥವಾ 1/24. 1/32 ಅಂದರೆ ನಿಜವಾದ ವಿಮಾನದ ಅಳತೆಯ ಮೂವತ್ತೆರಡರಲ್ಲಿ ಒಂದು ಪಾಲು. ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ ರೆಕ್ಕೆ ಈ ತುದಿಯಿಂದ ಆ ತುದಿಗೆ 11.23 ಮೀಟರ್. 1/72ರಲ್ಲಿ ಅದು 16 ಸೆಂಟಿಮೀಟರ್ ಕೂಡ ಮುಟ್ಟುವುದಿಲ್ಲ. 1/32ರಲ್ಲಿ 35 ಸೆಂಟಿಮೀಟರ್, 1/24ರಲ್ಲಿ ಸುಮಾರು 47. ಚಿಕ್ಕ ಮಾಡೆಲ್‌ನ ಕಾಕ್‌ಪಿಟ್ ಹೆಚ್ಚುಕಮ್ಮಿ ಒಂದು ಕಪ್ಪು ತೂತು. ಒಳಗೆ ಏನಿಟ್ಟರೂ ಹೊರಗೆ ಕಾಣುವುದು ಕಡಿಮೆ. 1/32ರಲ್ಲಿ ಪೈಲಟ್ ಹತ್ತುವ ಎಡಬದಿಯ ಪುಟ್ಟ ಬಾಗಿಲನ್ನು ಕೆಳಗೆ ಮಡಚಿ ಅಂಟಿಸಿದರೆ ನೋಡುವವರ ಕಣ್ಣು ಮೊದಲು ಹೋಗುವುದೇ ಸೀಟಿನ ಮೇಲೆ.

ಕಿಟ್ ಮಾಡಿದವರೇ ಇದನ್ನೆಲ್ಲ ನಾಜೂಕಾಗಿ ಕೊಡಬಾರದಾ? ಅಡ್ಡ ಬರುವುದು ಅಚ್ಚು. ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಅದನ್ನು ಕರಗಿಸಿ ಲೋಹದ ಅಚ್ಚಿನೊಳಗೆ ಒತ್ತಡದಿಂದ ನುಗ್ಗಿಸುತ್ತಾರೆ. ತಣಿದ ಮೇಲೆ ಅಚ್ಚಿನ ಎರಡು ಹೋಳು ಸಲೀಸಾಗಿ ಬಿಟ್ಟುಕೊಳ್ಳಬೇಕು. ಹಾಗಾಗಿ ಒಳಮಡಚಿದ ಆಕಾರ ತೆಗೆಯುವುದು ಕಷ್ಟ, ತೀರಾ ತೆಳುವಾಗಿ ಮಾಡುವುದೂ ಕಷ್ಟ. ಒಂದು ಲೆಕ್ಕ ಹಾಕಿ ನೋಡಿ. 1 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಅಂದರೆ 1/32ರಲ್ಲಿ 32 ಮಿಲಿಮೀಟರ್. ತಗಡಿನ ಸೀಟು ಆಗ ಕಲ್ಲುಬೆಂಚಿನ ಹಾಗೆ ಕಾಣುತ್ತದೆ.

ಈ ಕೊರತೆ ತುಂಬಲು ಒಂದೊಂದು ವಸ್ತು ಒಂದೊಂದು ಕೆಲಸಕ್ಕೆ ಬರುತ್ತದೆ. ಫೋಟೋ-ಎಚ್ ಅಂದರೆ ತೆಳು ಹಿತ್ತಾಳೆ ಹಾಳೆಯಲ್ಲಿ ಬೇಡದ ಜಾಗವನ್ನು ರಾಸಾಯನಿಕದಿಂದ ತಿನ್ನಿಸಿ ತೆಗೆದ ಭಾಗ. ಬಕಲ್, ಲಿವರ್, ಜಾಲರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಚಪ್ಪಟೆ, ದುಂಡಗಿನದಕ್ಕೆ ಒಗ್ಗುವುದಿಲ್ಲ. ರೆಸಿನ್ ಅಂದರೆ ಎರೆದ ಮೇಲೆ ಗಟ್ಟಿಯಾಗುವ ದ್ರವ. ಅದರ ಭಾಗಗಳನ್ನು ಮೆತ್ತನೆ ಸಿಲಿಕೋನ್ ರಬ್ಬರ್ ಅಚ್ಚಿನಲ್ಲಿ ಎರೆಯುತ್ತಾರೆ. ಅಚ್ಚು ಬಾಗುವುದರಿಂದ ಒಳಮಡಿಕೆಯೂ ಮೂಡುತ್ತದೆ. ಚಕ್ರ, ಎಂಜಿನ್, ಇಡೀ ಕಾಕ್‌ಪಿಟ್ ಇದರಲ್ಲಿ ಸಿಗುತ್ತವೆ. ಗನ್ ಬ್ಯಾರೆಲ್‌ಗೆ ಲೇತ್‌ನಲ್ಲಿ ಕಡೆದ ಹಿತ್ತಾಳೆ. ಈಗೀಗ 3ಡಿ ಪ್ರಿಂಟ್ ಭಾಗಗಳು ಜಾಸ್ತಿ ಆಗುತ್ತಿವೆ. ಡಯಲ್ ಫಲಕವನ್ನು ಬಣ್ಣ ಸಮೇತ ಉಬ್ಬಾಗಿ ಪ್ರಿಂಟ್ ಮಾಡಿ ಡೆಕಾಲ್ ತರಹ, ಅಂದರೆ ನೀರಲ್ಲಿ ನೆನೆಸಿ ಅಂಟಿಸುವ ಚಿತ್ರದ ತರಹ, ಕೂರಿಸುವುದೂ ಬಂದಿದೆ. ಇವು ಯಾವುದಕ್ಕೂ ಮಾಮೂಲಿ ಪ್ಲಾಸ್ಟಿಕ್ ಅಂಟು ಹಿಡಿಯುವುದಿಲ್ಲ. ಆ ಅಂಟು ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುವಂಥದ್ದು. ರೆಸಿನ್‌ಗೂ ಲೋಹಕ್ಕೂ ಸೂಪರ್ ಗ್ಲೂ ಅಥವಾ ಎಪಾಕ್ಸಿ ಬೇಕು. ರೆಸಿನ್ ಉಜ್ಜುವಾಗ ನೀರು ಹಚ್ಚಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಒಂದೇ ಒಂದು ಸೇರಿಸುವುದಾದರೆ ಯಾವುದು ಅಂತ ಕೇಳಿದರೆ ನಾನು ಬೆಲ್ಟು ಅನ್ನುತ್ತೇನೆ. ಜೆಕ್ ದೇಶದ ಎಚ್‌ಜಿಡಬ್ಲ್ಯೂ ಸಂಸ್ಥೆಯ ಬಟ್ಟೆಯಂಥ ಬೆಲ್ಟುಗಳು ನನಗೆ ಬಹಳ ಇಷ್ಟ. ಹಾಳೆಯನ್ನು ಮೊದಲು ಮುದುಡಿ ಮೆತ್ತಗೆ ಮಾಡಿಕೊಳ್ಳಬೇಕು. ಆಮೇಲೆ ಒಂದೊಂದೇ ಪಟ್ಟಿ ಬಿಡಿಸಿ, ಎಳ್ಳಿಗಿಂತ ಚಿಕ್ಕ ಬಕಲ್‌ನೊಳಗೆ ಚಿಮಟದಿಂದ ತೂರಿಸಬೇಕು. ಸಂಜೆ ಪೂರ್ತಿ ಹೋಗುತ್ತದೆ. ಆದರೆ ಪಟ್ಟಿ ಸೀಟಿನ ಅಂಚಿನಿಂದ ತನ್ನಷ್ಟಕ್ಕೆ ಬಾಗಿ ಇಳಿಬೀಳುವುದನ್ನು ನೋಡಿದಾಗ, ಪೈಲಟ್ ಈಗ ತಾನೇ ಎದ್ದು ಹೋದ ಹಾಗೆ ಅನಿಸುತ್ತದೆ. ಎಂಜಿನ್ ಮುಚ್ಚಿಡುವ ಮಾಡೆಲ್‌ಗೆ ರೆಸಿನ್ ಎಂಜಿನ್ ತರುವುದು ಸುಮ್ನೆ ದುಡ್ಡು ದಂಡ.

ಇನ್ನು ಹುಡುಕುವ ವಿಷಯ. ಆಫ್ಟರ್‌ಮಾರ್ಕೆಟ್ ಪದದ ಒಳಗುಟ್ಟು ಇರುವುದೇ ಇಲ್ಲಿ. ಇಂಥ ಭಾಗವನ್ನು ವಿಮಾನದ ಹೆಸರಿನಿಂದ ಹುಡುಕಿದರೆ ಸಾಲದು, ಕಿಟ್‌ನ ಹೆಸರಿನಿಂದ ಹುಡುಕಬೇಕು. ಸ್ಪಿಟ್‌ಫೈರ್‌ನ ಒಂಬತ್ತನೇ ಮಾದರಿಯ ಕಾಕ್‌ಪಿಟ್ ಸೆಟ್ ಒಂದನ್ನು ನಾನು ಡಬ್ಬಿಯ ಚಿತ್ರ ನೋಡಿ ತರಿಸಿದ್ದೆ. ಅದು ಬೇರೊಂದು ಕಂಪನಿಯ ಕಿಟ್‌ಗೆ ಮಾಡಿದ್ದು. ಎರಡೂ 1/32, ಎರಡೂ ಅದೇ ವಿಮಾನ. ಆದರೆ ನನ್ನ ಕಿಟ್‌ನ ಒಡಲಿನ ಗೋಡೆ ದಪ್ಪ, ಒಳಗಿನ ಅಗಲ ಕಡಿಮೆ. ಮೂರು ದಿನ ಒಳಗಿನಿಂದ ಉಜ್ಜಿದೆ. ಕೊನೆಗೆ ದೀಪಕ್ಕೆ ಹಿಡಿದರೆ ಗೋಡೆಯ ಆಚೆ ಇಟ್ಟ ಬೆರಳಿನ ನೆರಳು ಕಾಣುತ್ತಿತ್ತು. ಆದರೂ ಒಡಲಿನ ಎಡ ಬಲ ಹೋಳುಗಳು ಪೂರ್ತಿ ಮುಚ್ಚಲಿಲ್ಲ.

ಅದಕ್ಕೇ ಪ್ಯಾಕೆಟ್ ಮೇಲೆ ಯಾವ ಕಿಟ್‌ಗೆ ಅಂತ ಬರೆದಿರುವುದನ್ನು ಮೊದಲು ಓದಿ. ಸ್ಕೇಲ್ ತಿಳಿಯಲು ನಂಬರೂ ಸಹಾಯಕ್ಕೆ ಬರುತ್ತದೆ. ಬಣ್ಣ ಹೊಡೆಯುವಾಗ ಗಾಜಿನ ಭಾಗಗಳಿಗೆ ಅಂಟಿಸುವ ಮರೆಪಟ್ಟಿಗೂ ಮಾಸ್ಕ್ ಅನ್ನುತ್ತಾರೆ. ಜೆಕ್‌ನ ಎಡುವಾರ್ಡ್ ಸಂಸ್ಥೆಯ ಇಂಥ ಮಾಸ್ಕ್‌ಗಳಲ್ಲಿ ಜೆಎಕ್ಸ್ ಅಂದರೆ 1/32, ಇಎಕ್ಸ್ ಅಂದರೆ 1/48. ಪೋಲೆಂಡಿನ ಮಾಸ್ಟರ್ ಬ್ಯಾರೆಲ್‌ಗಳಲ್ಲಿ ಎಎಂ-32, ಎಎಂ-48 ಅಂತ ಇರುತ್ತದೆ. ಇನ್ನೊಂದು ತೊಡಕಿದೆ. ಒಬ್ಬರ ಅಚ್ಚಿನ ಪ್ಲಾಸ್ಟಿಕ್ ಇನ್ನೊಬ್ಬರ ಡಬ್ಬಿಯಲ್ಲೂ ಬರುವುದುಂಟು. 1/72ರಲ್ಲಿ ಇಟಲಿಯ ಇಟಾಲೆರಿ ಕಂಪನಿಯ ಕಿಟ್‌ಗಳನ್ನು ಜಪಾನಿನ ಟಮಿಯಾ ತನ್ನ ಡಬ್ಬಿಯಲ್ಲಿ ಮಾರಿದ್ದು ಇದೆ. ಡಬ್ಬಿಯ ಹೆಸರಿಗಿಂತ ಒಳಗಿನ ಅಚ್ಚು ಯಾರದ್ದು ಅನ್ನೋದು ಮುಖ್ಯ. ಸ್ಕೇಲ್‌ಮೇಟ್ಸ್ ತಾಣದಲ್ಲಿ ಕಿಟ್‌ನ ಹೆಸರು ಹಾಕಿದರೆ ಅದರ ವಂಶಾವಳಿಯೂ ಅದಕ್ಕೆ ಬಂದಿರುವ ಸೆಟ್‌ಗಳ ಪಟ್ಟಿಯೂ ಒಂದೇ ಕಡೆ ಸಿಗುತ್ತವೆ.

ಕಿಟ್ ಸರಿ ಹೊಂದಿದರೆ, ಮುಂದಿನ ಪ್ರಶ್ನೆ ನೀವು ಕಟ್ಟುತ್ತಿರುವ ಆ ಒಂದು ವಿಮಾನದ್ದು. ಅಮೆರಿಕದ ಯುದ್ಧವಿಮಾನ ಪಿ-51ಡಿ ಮಸ್ಟಾಂಗ್‌ಗೆ ಟೈರಿನ ಗೀರು ಹಲವು ಬಗೆ, ಪ್ರೊಪೆಲ್ಲರೂ ಒಂದೇ ತರಹದ್ದಲ್ಲ. ಸ್ಪಿಟ್‌ಫೈರ್‌ನ ಚಕ್ರಕ್ಕೆ ನಾಲ್ಕು ಕಡ್ಡಿಯೂ ಇತ್ತು, ಮೂರು ಕಡ್ಡಿಯೂ ಇತ್ತು. ಫೋಟೋ ನೋಡಿ ಖಚಿತ ಮಾಡಿಕೊಂಡ ಮೇಲೆಯೇ ಚಕ್ರ ತರಿಸಿ.

ತರಿಸುವುದು ಅಂತಾದರೆ ತಡ ಮಾಡಬೇಡಿ. ಲೋಹದ ಅಚ್ಚಿನಲ್ಲಿ ಕಿಟ್ ವರ್ಷಗಟ್ಟಲೆ ಬರುತ್ತಿರಬಹುದು. ರಬ್ಬರ್ ಅಚ್ಚು ಕೆಲವು ಡಜನ್ ಸಲ ಎರೆಯುವಷ್ಟರಲ್ಲೇ ಸವೆದುಬಿಡುತ್ತದೆ. ಮತ್ತೆ ಹೊಸ ಅಚ್ಚು ಮಾಡುವಷ್ಟು ಬೇಡಿಕೆ ಇರದಿದ್ದರೆ ಆ ಸೆಟ್ ಅಲ್ಲಿಗೆ ನಿಂತುಹೋಗುತ್ತದೆ. ಆಮೇಲೆ ಯಾರದೋ ಕಪಾಟಿನಲ್ಲಿ ಬಿಚ್ಚದೆ ಉಳಿದ ಪ್ಯಾಕೆಟ್ಟೇ ಗತಿ.

ಹೊಸ ಸೀಟು ಬಂತು ಅಂತ ಕಿಟ್‌ನ ಸೀಟನ್ನು ಕಸಕ್ಕೆ ಹಾಕಬೇಡಿ. ಅಂಟು ಹಚ್ಚದೆ ಎಲ್ಲವನ್ನೂ ಒಮ್ಮೆ ಜೋಡಿಸಿ, ಒಡಲಿನ ಎರಡು ಹೋಳು ಕೂಡುತ್ತವಾ ಅಂತ ನೋಡಿ. ನಾನು ಒಡಲು ಅಂಟಿ ಒಣಗುವ ತನಕ ಹಳೆಯ ಸೀಟನ್ನು ಡಬ್ಬಿಯಲ್ಲೇ ಇಟ್ಟಿರುತ್ತೇನೆ. ಆ ಸ್ಪಿಟ್‌ಫೈರ್‌ಗೆ ಕೊನೆಗೆ ಕೂತದ್ದು ಅದೇ ಸೀಟು, ಮೇಲೆ ಬಟ್ಟೆಯ ಬೆಲ್ಟು.